ನಾಯಿ ಪರ ಒಂದು ಮತ

ನವೆಂಬರ್ 3, ಸೋಮವಾರ. ಸಂಜೆ

ತಪ್ಪೊಪ್ಪಿಗೆ. ಪ್ರಾಣಿಶಾಸ್ತ್ರದ ನಿವೃತ್ತ ಅಧ್ಯಾಪಕನೂ ಅವಿವಾಹಿತನೂ ಸಕ್ಕರೆ ಕಾಯಿಲೆಯವನೂ ಆದ ರಘುನಂದನ್ ಎಂಬ ನಾನು, ಯಾರ ಬಲವಂತವೂ ಇಲ್ಲದೆ, ಸ್ವಸ್ಥಚಿತ್ತದಿಂದ ಒಪ್ಪಿಕೊಳ್ಳುವುದೇನೆಂದರೆ — ಮಳವಳ್ಳಿಯ ಕಾಲೇಜಿನಲ್ಲಿ ನನಗೆ ಬೀಳ್ಕೊಡುಗೆಯಾದ ದಿನ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಲ್ಯಾಬಿನ ಒಂದು ಡಬ್ಬಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಕೂಡ ಆಟೋ ಹತ್ತಿತು. ಮೂಸಂಬಿಯ ಕೆಳಗೆ. ಸರ್ಕಾರಿ ಸ್ವತ್ತು. ನಾಲ್ಕು ವರ್ಷ ಅಟ್ಟದ ಮೇಲೆ ತಲೆಮರೆಸಿಕೊಂಡಿತ್ತು. ಇವತ್ತು ಶರಣಾಯಿತು.

ಆದದ್ದಿಷ್ಟು. ಬೆಳಿಗ್ಗೆ ಮಾತ್ರೆ ನುಂಗಿ, ಟೀಗೆ ನೀರಿಟ್ಟು, ಹಾಲಿಗೆ ಕಾಯುತ್ತಿದ್ದೆ. ಹಾಲು ಎಂದರೆ ಪಕ್ಕದ ಮನೆ ಚಲುವರಾಜು. ಡೇರಿಗೆ ಹಾಕಿ ಬರುವಾಗ ಅರ್ಧ ಲೀಟರ್ ನನಗೆ, ಜಗಲಿಯ ಮೇಲೆ ಕೂತು ಟೀ ಅವನಿಗೆ, ಪೇಪರ್ ಇಬ್ಬರಿಗೂ. ಒಂದನೇ ಕ್ಲಾಸಿನಿಂದ ಜೊತೆ. ನನ್ನನ್ನು ಏಕವಚನದಲ್ಲಿ ಕರೆಯುವ ಕೊನೆಯ ಮನುಷ್ಯ. ಉಳಿದವರಿಗೆಲ್ಲ ಮೇಷ್ಟ್ರು. ಇವತ್ತು ಕೂರಲಿಲ್ಲ.

"ಏಳ್ಲಾ ರಗು, ನಾಲೆ ತಾವ್ಕೆ ಬಾ. ಹೊಂಬಾಳಮ್ಮನ ಮೇಕೆ ಓಯ್ತು. ಚಿರ್ತೆ ಅಂತಾವ್ರೆ. ನೀನ್ ಓದಿರೋದ್ಕೂ ಒಂದ್ ದಿನ ಕೆಲ್ಸ ಬಂತು."

ಹೋದೆ. ಮೇಕೆಯ ಹಿಂದೊಡೆ ಕಿತ್ತಿತ್ತು. ಕುತ್ತಿಗೆಯಲ್ಲಿ ಗಾಯವಿಲ್ಲ. ಚಿರತೆ ಕುತ್ತಿಗೆಗೆ ಬಾಯಿ ಹಾಕುತ್ತದೆ. ನಾಯಿಗಳು ಹಿಂದಿನಿಂದ ಎಳೆಯುತ್ತವೆ. ಒದ್ದೆ ಮಣ್ಣಿನಲ್ಲಿ ಹೆಜ್ಜೆ, ಬೆರಳುಗಳ ಮುಂದೆ ಉಗುರಿನ ಚುಕ್ಕಿ. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುತ್ತದೆ. ನಾಯಿಗೆ ಆ ನಾಚಿಕೆಯಿಲ್ಲ. ಕದ್ದ ಪುಡಿಯನ್ನು ನೀರಲ್ಲಿ ಕಲಸಿ ಹೆಜ್ಜೆಗೆ ಸುರಿದೆ. ಗಟ್ಟಿಯಾಗುವ ತನಕ ಊರೇ ನಿಂತು ನೋಡಿತು — ಕ್ಲಾಸಿನಲ್ಲಿ ಇಷ್ಟು ಹಾಜರಾತಿ ಎಂದೂ ಕಂಡವನಲ್ಲ. ಅಚ್ಚು ಎತ್ತಿ ತೋರಿಸಿ ತೀರ್ಪು ಕೊಟ್ಟೆ: ನಾಯಿ.

ಹೊಂಬಾಳಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಚಿರ್ತೆ ಅಂದ್ರೆ ಸರ್ಕಾರದೋರು ಪರಿಹಾರ ಕೊಟ್ಟಾರು. ನಾಯಿ ಅಂದ್ರೆ ನಂಗೇನ್ ಬತ್ತದೆ ಮೇಷ್ಟ್ರೇ?"

"ಏನೂ ಬರಲ್ಲ ಕಣಮ್ಮ. ಸತ್ಯ ಬರ್ತದೆ."

ಜನ ನಕ್ಕರು. ಆಕೆ ನಗಲಿಲ್ಲ. ಮಾತು ಚೆನ್ನಾಗಿತ್ತು ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಮನೆಗೆ ಬಂದ ಮೇಲೆ ಅಷ್ಟು ಅನ್ನಿಸಲಿಲ್ಲ.

ಅಚ್ಚನ್ನು ಕಿಟಕಿಯ ಮೇಲಿಟ್ಟಿದ್ದೇನೆ. ಮನೆಯಲ್ಲಿ ಈಗ ಇಬ್ಬರು.

ನವೆಂಬರ್ 6, ಗುರುವಾರ

ಅರಣ್ಯದವರು ಜೀಪಿನಲ್ಲಿ ಬಂದರು. ಅಚ್ಚು ನೋಡಿ ಎಷ್ಟು ಖುಷಿಪಟ್ಟರೆಂದರೆ, ನನ್ನ ಜನ್ಮದಿನಕ್ಕೂ ಯಾರೂ ಅಷ್ಟು ಪಟ್ಟಿಲ್ಲ. ಬೋನು ತರಬೇಕಿಲ್ಲ, ಕಾಯಬೇಕಿಲ್ಲ. "ಸರ್, ಒಂದು ಲೆಟರ್ ಕೊಟ್ಬಿಡಿ." ಕೊಟ್ಟೆ. 'ಇದು ನಾಯಿಯ ಹೆಜ್ಜೆಯೆಂದು ದೃಢೀಕರಿಸಲಾಗಿದೆ.' ಸಹಿಯ ಕೆಳಗೆ 'ವಿಷಯತಜ್ಞರು' ಎಂದು ಅವರೇ ಬರೆದುಕೊಂಡರು.

ಅಜ್ಞನಿಗೂ ತಜ್ಞನಿಗೂ ಒಂದಕ್ಷರದ ಅಂತರ. ಅದನ್ನು ಸಂಪಾದಿಸಲು ನನಗೆ ಮೂವತ್ತೊಂದು ವರ್ಷ ಹಿಡಿಯಿತು. ಈ ಮೂವತ್ತೊಂದು ವರ್ಷದಲ್ಲಿ ಕೊಟ್ಟ ಉತ್ತರವನ್ನು ವಾಪಸ್ ತೆಗೆದುಕೊಂಡ ದಾಖಲೆಯಿಲ್ಲ. (ಯಾರೂ ಕೇಳದ ಪ್ರಶ್ನೆಗೆ ಕೊಟ್ಟ ಉತ್ತರಗಳೂ ಇದರಲ್ಲಿ ಸೇರಿವೆ.)

ಚಲುವರಾಜು ಹಾಲು ಕೊಟ್ಟು ನಿಂತೇ ಹೊರಟ. "ಬೋನು ತಂದಿಕ್ಕಿದ್ರೆ ನಿನ್ ಗಂಟೇನ್ ಓಗ್ತಿತ್ಲಾ? ಜನ ನೆಮ್ಮದಿಯಾಗಿ ನೀರು ಕಟ್ಟೋರು."

"ನಾಯಿಗೆ ಬೋನು ಯಾಕೋ?"

"ನಾಯಿಗಲ್ಲ ಕಣ್ಲಾ. ಬಯಕ್ಕೆ."

ನವೆಂಬರ್ 9, ಭಾನುವಾರ. ಮಧ್ಯಾಹ್ನ

ಊರಿನ ವಾಟ್ಸಾಪ್ ಗುಂಪಿನಲ್ಲಿ ವಿಡಿಯೊ. ಗೋಡೆಯ ಮೇಲೆ ಚಿರತೆ ನಡೆಯುತ್ತಿದೆ, ಹಿನ್ನೆಲೆಯಲ್ಲಿ ಒಬ್ಬನ ದನಿ: "ನೋಡ್ಕಳಿ, ನಮ್ಮೂರ್ ನಾಲೆ ಪಕ್ಕ!" ಹಿಂದಿನ ಅಂಗಡಿಯ ಬೋರ್ಡು ಮರಾಠಿಯಲ್ಲಿದೆ ಎಂದು ಬರೆದೆ. ಉತ್ತರ ಬಂತು: "ಮೇಷ್ಟ್ರೇ, ಚಿರ್ತೆ ಅಲ್ಲಿಂದ ಬರಬಾರ್ದಾ? ಅದ್ಕೇನ್ ಟಿಕೆಟ್ ಬೇಕಾ?" ನಲವತ್ತು ನಗೆಮೊಗ. ಒಳ್ಳೆಯ ಮಾತೇ. ನಾನೂ ಒಂದು ನಗೆಮೊಗ ಹಾಕಬೇಕಿತ್ತು. ಹಾಕದೆ, ಚಿರತೆಯ ಸಂಚಾರ ವ್ಯಾಪ್ತಿಯ ಬಗ್ಗೆ ಮೂರು ಪ್ಯಾರಾ ಹಾಕಿದೆ. ಅರ್ಧ ಗಂಟೆಯಲ್ಲಿ ಗುಂಪಿನಿಂದ ತೆಗೆದರು.

ಸಂಜೆ

ಅರಳಿಕಟ್ಟೆಯಲ್ಲಿ ಊರ ಸಭೆ. ಇನ್ನೊಂದು ಮೇಕೆ ಹೋಗಿದೆಯಂತೆ. ಚಲುವರಾಜು ಎದ್ದು ನಿಂತ. "ಒಬ್ರು ನಾಯಿ ಅಂತಾರೆ, ಊರು ಚಿರ್ತೆ ಅಂತದೆ. ಕೈ ಎತ್ತಿ, ತೀರೋಗ್ಲಿ."

ಪ್ರಾಣಿಯ ಜಾತಿಯನ್ನು ಕೈ ಎತ್ತಿ ತೀರ್ಮಾನಿಸಿದ್ದು ನನ್ನ ಶಾಸ್ತ್ರದಲ್ಲಿ ಇದೇ ಮೊದಲು. ಚಿರತೆ ಪರ 143. ನಾಯಿ ಪರ 1. ನಾಯಿ ಠೇವಣಿ ಕಳೆದುಕೊಂಡಿತು. ಎತ್ತಿದ ಕೈಯನ್ನು ಇಳಿಸುವುದು ಯಾವಾಗ ಎಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ.

ಹೊಂಬಾಳಮ್ಮ ಯಾವ ಕಡೆಯೂ ಎತ್ತಲಿಲ್ಲ. "ನನ್ ಮೇಕೆ ಸತ್ತದೆ. ಅಷ್ಟೇ ನಂಗ್ ಗೊತ್ತಿರೋದು." ಇಡೀ ಸಭೆಯಲ್ಲಿ ವಿಜ್ಞಾನಿಯಂತೆ ಮಾತಾಡಿದವಳು ಆಕೆಯೊಬ್ಬಳೇ. ಇದು ಈಗ ಹೊಳೆಯುತ್ತಿದೆ.

ನವೆಂಬರ್ 12, ಬುಧವಾರ

ಊರ ಕಮಾನಿಗೆ ಬ್ಯಾನರ್: 'ಚಿರತೆ ಹಿಡಿಯುವ ತನಕ ಮತದಾನ ಇಲ್ಲ.'

ಇಪ್ಪತ್ತಮೂರಕ್ಕೆ ನಮ್ಮ ವಾರ್ಡಿಗೆ ಪಂಚಾಯ್ತಿ ಉಪಚುನಾವಣೆ. ಸದಸ್ಯೆ ತೀರಿಕೊಂಡು ಸೀಟು ಖಾಲಿ. ವಾರ್ಡೆಂದರೆ ನಮ್ಮೂರು, ಮತ್ತೆ ಒಂದೂವರೆ ಕಿಲೋಮೀಟರ್ ಆಚೆಯ ಕೊಪ್ಪಲು. ಮತಗಟ್ಟೆ ಕೊಪ್ಪಲಿನ ಶಾಲೆಯಲ್ಲಿ. ನಿಂತವರು ಇಬ್ಬರು, ಇಬ್ಬರೂ ಕೊಪ್ಪಲಿನವರೇ. ಕಂಟ್ರಾಕ್ಟರ್ ಶಶಿಧರ್ ಹೆಂಡತಿ ವೀಣ — ಆಕೆಯ ಪರವಾಗಿ ಆತನೇ ಕೈಮುಗಿಯುತ್ತಾನೆ, ಆತನೇ ಭಾಷಣ, ಫೋಟೊ ಮಾತ್ರ ಆಕೆಯದು. ಇನ್ನೊಬ್ಬಳು ಶೋಭಿತಾ, ನಿವೃತ್ತ ಪೋಸ್ಟ್‌ಮ್ಯಾನ್ ಮಹದೇವಯ್ಯನ ಮಗಳು. ನನ್ನ ವಿದ್ಯಾರ್ಥಿನಿ. ನಮ್ಮೂರ ಮಕ್ಕಳಿಗೆ ಆರು ವರ್ಷದಿಂದ ಟ್ಯೂಷನ್ ಹೇಳುತ್ತಾಳೆ. ನಮ್ಮೂರ ಓಟು ಬಿದ್ದರೆ ಆಕೆ ಗೆದ್ದಂತೆ. ಬೀಳದಿದ್ದರೆ ಕೊಪ್ಪಲಿನಲ್ಲಿ ಶಶಿಧರನ ಕೈ ಮೇಲು.

ಬೋನಿಲ್ಲದ್ದಕ್ಕೆ ಕಾರಣ ನನ್ನ ಲೆಟರ್. ಬ್ಯಾನರಿಗೆ ಕಾರಣ ಬೋನಿಲ್ಲದ್ದು. ಅಂದರೆ ಬ್ಯಾನರಿನ ಕೆಳಗೂ ನನ್ನದೇ ಸಹಿ.

ಹಾಲು ಗೇಟಿನ ಕಂಬದ ಮೇಲಿತ್ತು. ತಂದವನು ಕಾಣಲಿಲ್ಲ. ಅಭ್ಯಾಸಬಲ, ಎರಡು ಲೋಟ ಟೀ ಮಾಡಿದ್ದೆ. ಎರಡನ್ನೂ ಕುಡಿದೆ.

ನವೆಂಬರ್ 16, ಭಾನುವಾರ

ಶೋಭಿತಾ ಬಂದಿದ್ದಳು. ಪ್ರಚಾರಕ್ಕೆ ತಂದ ಪಾಂಪ್ಲೆಟ್ ಅವಳ ಕೈಯಲ್ಲೇ ಉಳಿದಿತ್ತು; ನಮ್ಮೂರಲ್ಲಿ ಯಾರೂ ಮುಟ್ಟಲಿಲ್ಲವಂತೆ. ಅಚ್ಚನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ನಾಯೀನೇ ಸರ್. ನಾಲ್ಕೂ ಉಗುರು ಕಾಣ್ತಿದೆ."

"ನೂರಕ್ಕೆ ನೂರು!"

"ಆದ್ರೆ ಇದು ಒಂದು ದಿನದ ಹೆಜ್ಜೆ ಅಲ್ವಾ ಸರ್? ಎರಡನೇ ಮೇಕೇನ ನೀವು ನೋಡಿಲ್ಲ."

ಪ್ರಶ್ನೆ ಪಠ್ಯಕ್ರಮದ ಒಳಗೇ ಇತ್ತು.

"ಒಂದೇ ಒಂದು ಮಾತು ಹೇಳಿ ಸರ್. ಮೊದಲನೇದು ನಾಯಿ, ಮಿಕ್ಕಿದ್ದು ನಂಗೆ ಗೊತ್ತಿಲ್ಲ, ಬೋನು ಇಡ್ಲಿ — ಅಂತ. ಅರಣ್ಯದವ್ರಿಗೆ ಬರ್ಕೊಡಿ. ಬೋನು ಬಂದ್ರೆ ಬ್ಯಾನರ್ ಇಳಿಯತ್ತೆ. ಚಲುವರಾಜಣ್ಣನೇ ಹೇಳಿದ್ರು."

"ಗೊತ್ತಿಲ್ಲ ಅಂತ ಬರೆದರೆ ಪರೀಕ್ಷೆಯಲ್ಲಿ ಸೊನ್ನೆ ಕಣಮ್ಮ."

"ಇದು ಪರೀಕ್ಷೆ ಅಲ್ಲ ಸರ್. ಊರು."

ವಿಜ್ಞಾನ ಚೌಕಾಸಿಯ ವಸ್ತುವಲ್ಲ ಎಂದೆ. ಇವತ್ತು ಬೋನಿಗೆ ಬಗ್ಗಿದರೆ ನಾಳೆ ಭೂಮಿ ಚಪ್ಪಟೆ ಎಂದು ಕೈ ಎತ್ತಿಸುತ್ತಾರೆ ಎಂದೆ. ಇನ್ನೂ ಏನೇನೋ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ನನ್ನ ಕ್ಲಾಸಿನಲ್ಲೂ ಹಾಗೇ ಕೂರುತ್ತಿದ್ದಳು, ಕೊನೆಯ ಬೆಂಚಿನಲ್ಲಿ. ಯಾಕೆ ಯಾವಾಗಲೂ ಕೊನೆಯ ಬೆಂಚೆಂದು ನಾನು ಕೇಳಿರಲಿಲ್ಲ.

"ಹೋಗ್ಲಿ ಬಿಡಿ ಸರ್. ಸಕ್ಕರೆ ನೋಡ್ಕೊಳ್ಳಿ." ಪಾಂಪ್ಲೆಟ್ ಒಂದನ್ನು ಅಚ್ಚಿನ ಕೆಳಗಿಟ್ಟು ಹೋದಳು.

ನವೆಂಬರ್ 18, ಮಂಗಳವಾರ

ತಹಸೀಲ್ದಾರರು ಮನವೊಲಿಸಲು ಬಂದರು. ಕಮಾನಿನ ಕೆಳಗೆ ಕುರ್ಚಿ, ಮೈಕು, ನೀರಿನ ಬಾಟಲಿ. ಮತದಾನ ಪವಿತ್ರ ಹಕ್ಕು ಎಂದರು. "ಅಕ್ಕು ಇರ್ಲಿ ಸ್ವಾಮಿ, ಮೊದ್ಲು ಪಕ್ಕದ ಕಬ್ಬಿನಲ್ಲಿರೋದ ಇಡೀರಿ" ಎಂದಿತು ಗುಂಪು. ಕಬ್ಬು ಬೆಳೆಯುವವರೂ ಕಬ್ಬಿಗರೇ, ಪ್ರಾಸ ತಾನಾಗಿ ಬರುತ್ತದೆ.

ತಹಸೀಲ್ದಾರರು ನನ್ನ ಕಡೆ ನೋಡಿ, "ತಜ್ಞರೇ ಇದ್ದಾರಲ್ಲ, ಹೇಳಲಿ" ಎಂದರು. ಮೈಕು ಕೈಗೆ ಬಂತು. ಮೈಕು ಕಂಡರೆ ನನಗೆ ಐವತ್ತು ನಿಮಿಷದ ಪೀರಿಯಡ್ ನೆನಪಾಗುತ್ತದೆ.

ಹೇಳಿದ್ದನ್ನು ಇದ್ದಂತೆ ದಾಖಲಿಸುತ್ತೇನೆ: "ಆ ಕಬ್ಬಿನಲ್ಲಿ ಚಿರತೆ ಇಲ್ಲ. ಇದು ನಂಬಿಕೆಯಲ್ಲ, ಜ್ಞಾನ. ಇಪ್ಪತ್ತಮೂರನೇ ತಾರೀಕು ಬೆಳಿಗ್ಗೆ ಏಳಕ್ಕೆ ನಾಲೆ ಏರಿಯ ಮೇಲೆ, ಕೈಯಲ್ಲಿ ಕೋಲೂ ಇಲ್ಲದೆ, ಒಬ್ಬನೇ ನಡೆದು ಕೊಪ್ಪಲಿಗೆ ಹೋಗಿ ಓಟು ಹಾಕಿ ಬರುತ್ತೇನೆ. ಈ ಊರಿನಿಂದ ಒಂದಾದರೂ ಓಟು ಬೀಳುತ್ತದೆ!"

ಚಪ್ಪಾಳೆಗೆಂದು ಸ್ವಲ್ಪ ಜಾಗ ಬಿಟ್ಟಿದ್ದೆ. ತಹಸೀಲ್ದಾರರ ಡ್ರೈವರ್ ಮಾತ್ರ ತಟ್ಟಿದ.

ಚಲುವರಾಜು ಮುಂದೆ ಬಂದ. ಜೋರು ಮಾಡಲಿಲ್ಲ. "ಓಗ್ಬನ್ನಿ ಮೇಷ್ಟ್ರೇ. ನಾವ್ಯಾರೂ ತಡೆಯಾಕಿಲ್ಲ."

ಓಗ್ಬನ್ನಿ. ಮೇಷ್ಟ್ರೇ. ಐವತ್ತೆಂಟು ವರ್ಷದಲ್ಲಿ ಮೊದಲ ಸಲ ಬಹುವಚನ. ಗೌರವ ಇಷ್ಟು ನೋಯಿಸುತ್ತದೆಂದು ಗೊತ್ತಿರಲಿಲ್ಲ.

ನವೆಂಬರ್ 22, ಶನಿವಾರ

ನಾಲ್ಕು ದಿನದಿಂದ ಗೇಟಿನ ಕಂಬದ ಮೇಲೆ ಹಾಲಿಲ್ಲ. ಪ್ಯಾಕೆಟ್ ತಂದೆ. ಕುದಿಸಿದರೆ ಕೆನೆ ಬರುತ್ತದೆ, ಮಾತು ಬರುವುದಿಲ್ಲ.

ಯಾರ ಜೊತೆಗೂ ಮಾತಾಡದೆ ಎರಡು ದಿನ. ಮೊನ್ನೆ ಕಂಡಕ್ಟರಿಗೆ "ಪೂರಿಗಾಲಿ ಒಂದು" ಎಂದದ್ದೇ ಕೊನೆಯ ವಾಕ್ಯ. ಕೆಲಸವಿರಲಿಲ್ಲ. ಹೋದೆ, ಸ್ಟ್ಯಾಂಡಿನಲ್ಲಿ ಕಾಫಿ ಕುಡಿದೆ, ಬಂದೆ.

ಗುರುತಿನ ಚೀಟಿ ತೆಗೆದಿಟ್ಟಿದ್ದೇನೆ. ಬಿಳಿ ಷರ್ಟು ಇಸ್ತ್ರಿಯಾಗಿದೆ. ಬಹುಮತ, ಒಮ್ಮತ, ಅಭಿಮತ — ನಾಳೆ ನನ್ನದು ಒಂಟಿಮತ. ಬರೆದಿಡಲು ಚೆನ್ನಾಗಿದೆ. ಓದಿ ಹೇಳಲು ಯಾರಿಗೆ…

ನವೆಂಬರ್ 23, ಭಾನುವಾರ

ಮತದಾನ ಮುಗಿಯಿತು. ಬರೆಯುವಂಥದ್ದೇನಿಲ್ಲ. ಹೊಸ ಚಪ್ಪಲಿ ಕೊಳ್ಳಬೇಕು.

ನವೆಂಬರ್ 26, ಬುಧವಾರ. ಸಂಜೆ

ಮಳವಳ್ಳಿಯಲ್ಲಿ ಎಣಿಕೆ. ನಮ್ಮೂರಿನಿಂದ ಬಿದ್ದ ಓಟು: ಸೊನ್ನೆ. ಕೊಪ್ಪಲಿನದಷ್ಟೇ ಲೆಕ್ಕಕ್ಕೆ. ವೀಣ 88. ಶೋಭಿತಾ 88.

ಸಮಬಲ. ನಿಯಮದಂತೆ ಚೀಟಿ ಎತ್ತಿದರು. ಸ್ಟೀಲ್ ಡಬ್ಬಿಯಲ್ಲಿ ಎರಡು ಚೀಟಿ, ಗುಮಾಸ್ತನ ಕೈ. ಬಂದದ್ದು ವೀಣ. ಶಶಿಧರನಿಗೆ ಹಾರ ಹಾಕಿದರಂತೆ.

ಒಂದು ಓಟು. ಒಂದೇ.

ಶೋಭಿತಾ ಫೋನು ಮಾಡಿದಳು. ಅಳುತ್ತಿರಲಿಲ್ಲ. "ಸರ್, ನೀವು ಬಂದೇ ಬರ್ತೀರಾಂತ ಏಳರಿಂದ ಐದರ ತನಕ ಗೇಟ್ ನೋಡ್ತಿದ್ದೆ. ಏನಾಯ್ತು ಸರ್?"

"ಬರೋಕೆ ಆಗಲಿಲ್ಲಮ್ಮ. ಇಲ್ಲಿ… ವಾತಾವರಣ ನಿನಗೆ ಗೊತ್ತಲ್ಲ."

"ತಡೆದ್ರಾ ಸರ್?"

ನಾನು ಹೂಂ ಎನ್ನಲಿಲ್ಲ. ಊಹೂಂ ಎನ್ನಲೂ ಇಲ್ಲ. ಮೂವತ್ತೊಂದು ವರ್ಷ ಪಾಠ ಮಾಡಿದ ಬಾಯಿಗೆ ಒಂದಕ್ಷರ ಸಾಲದೆ ಹೋಯಿತು.

ನವೆಂಬರ್ 29, ಶನಿವಾರ

ಪೇಪರಿನಲ್ಲಿ ಬಂದಿದೆ. 'ತಜ್ಞರ ಮತದಾನಕ್ಕೆ ಗ್ರಾಮಸ್ಥರ ಅಡ್ಡಿ?' ಪ್ರಶ್ನಾರ್ಥಕ ಚಿಹ್ನೆಯನ್ನು ಯಾರೂ ಓದುವುದಿಲ್ಲ. ಹಳೆಯ ವಿದ್ಯಾರ್ಥಿಗಳ ಫೋನು — ಕೊತ್ತತ್ತಿಯಿಂದ, ಕೆರಗೋಡಿನಿಂದ. "ನಿಮ್ಮಂಥೋರಿಗೇ ಹಿಂಗಾದ್ರೆ ಪ್ರಜಾಪ್ರಭುತ್ವದ ಗತಿ ಏನು ಸರ್?" ಹತ್ತು ದಿನದಲ್ಲಿ ಮೊದಲ ಬಾರಿಗೆ ಮನೆಯಲ್ಲಿ ಮಾತು ತುಂಬಿತ್ತು. ಹಿತವಾಗಿತ್ತು. ಅದನ್ನೂ ಬರೆದಿಡಬೇಕು.

ಶೋಭಿತಾ ದೂರು ಕೊಟ್ಟಿದ್ದಾಳೆ. ಮೊದಲ ಹೆಸರು ಚಲುವರಾಜು. ನನ್ನ ಹೇಳಿಕೆ ಸಿಕ್ಕರೆ ಮರುಮತದಾನ ಕೇಳಬಹುದೆಂದು ವಕೀಲರು ಹೇಳಿದ್ದಾರಂತೆ. ಸೋಮವಾರ ಹತ್ತು ಗಂಟೆಗೆ ಠಾಣೆಗೆ ಬರಲು ನನಗೆ ಕರೆ.

ನವೆಂಬರ್ 30, ಭಾನುವಾರ. ಬೆಳಿಗ್ಗೆ

ಚಲುವರಾಜು ಗೇಟಿನಾಚೆ ನಿಂತಿದ್ದ. ಕೈಯಲ್ಲಿ ಹಾಲಿರಲಿಲ್ಲ.

"ಮೇಷ್ಟ್ರೇ, ನಾನ್ ನಿಮ್ಮುನ್ನ ತಡುದ್ನಾ?"

"ಒಳಗೆ ಬಾರೋ. ಟೀ…"

"ಬೆಳಿಗ್ಗೆ ಆರ್ರಿಂದ ಕಮಾನ್ ತಾವೇ ಕುಂತಿದ್ದೆ. ನೀವ್ ಬತ್ತೀರಿ, ಬಂದ್ರೆ ಜತೆಗ್ ಓಗದೆ ಅಂತ ಕೋಲ್ ಇಡ್ಕಂಡಿದ್ದೆ. ಓಟ್ ಆಕಕ್ಕಲ್ಲ. ನಿಮ್ಗೇನಾರ ಆದ್ರೆ ಅಂತ. ನೀವು ಆ ಕಡೀಕೇ ಬರ್ನಿಲ್ಲ."

ಗೇಟಿನ ಚಿಲಕ ತೆಗೆದೆ; ಅವನು ಒಳಗೆ ಬರಲಿಲ್ಲ.

"ಬುಡಿ. ನೀವ್ ಓದ್ದೋರು. ಟೇಸನ್ನಲ್ಲಿ ನೀವ್ ಏಳಿದ್ದೇ ಬರ್ಕತಾರೆ. ನಮ್ ಮಾತ ಯಾರ್ ನಂಬಾರು?"

ಹೊರಟುಹೋದ. ಕಾಲು ಸ್ವಲ್ಪ ಎಳೆಯುತ್ತಾನೆ ಈಗ. ಯಾವಾಗಿನಿಂದಲೋ.

ನಾಯಿ ಎಂದೆ, ಅಚ್ಚು ತೋರಿಸಿದೆ, ಗಾಯ ತೋರಿಸಿದೆ. ಯಾರೂ ನಂಬಲಿಲ್ಲ. ಒಂದು ಮಾತನ್ನು ಅರ್ಧಕ್ಕೆ ನುಂಗಿದೆ — ಪೇಪರು, ವಕೀಲರು, ಪೊಲೀಸರು, ಜಿಲ್ಲೆಯೆಲ್ಲ ನಂಬಿತು. ಸಾಕ್ಷಿ ಕೇಳದೆ.

ಡಿಸೆಂಬರ್ 1, ಸೋಮವಾರ. ಬೆಳಿಗ್ಗೆ 6.30

ಹತ್ತಕ್ಕೆ ಠಾಣೆ. ಹೇಳಿಕೆಯನ್ನು ಇಲ್ಲಿ ಬರೆದು ನೋಡುತ್ತೇನೆ. ಇಲ್ಲಿ ಬಂದರೆ ಅಲ್ಲೂ ಬರಬಹುದು.

ರಘುನಂದನ್ ಎಂಬ ನಾನು, ಯಾರ ಬಲವಂತವೂ ಇಲ್ಲದೆ, ಸ್ವಸ್ಥಚಿತ್ತದಿಂದ ತಿಳಿಸುವುದೇನೆಂದರೆ — ನನ್ನನ್ನು ಯಾರೂ ತಡೆಯಲಿಲ್ಲ. ಚಲುವರಾಜು ತಡೆಯಲಿಲ್ಲ. ಕಮಾನಿನ ಕಡೆ ನಾನು ಹೋಗಲೇ ಇಲ್ಲ. ಅವರ ಮುಖ ನೋಡಲಾರದೆ ಹಿತ್ತಲಿನಿಂದ ನಾಲೆ ಏರಿ ಹತ್ತಿದೆ. ಗಂಟೆ ಏಳು. ಬಿಳಿ ಷರ್ಟು. ಜೇಬಿನಲ್ಲಿ ಗುರುತಿನ ಚೀಟಿ. ಮಾತು ಕೊಟ್ಟಂತೆ, ಕೋಲಿಲ್ಲ.

ಮೊದಲ ತಿರುವಿನಲ್ಲಿ ಎರಡು ಕಡೆಯೂ ಆಳೆತ್ತರದ ಕಬ್ಬು. ಎಡಕ್ಕೆ ಸೋಗೆ ಸರ್ ಎಂದಿತು. ನಿಂತೆ. ಗಾಳಿ ಎಂದುಕೊಂಡೆ. ಗಾಳಿಯಿರಲಿಲ್ಲ. ಮತ್ತೆ ಸರ್. ಆಮೇಲೆ ಓಡಿದ್ದು ನನ್ನ ಕಾಲುಗಳು ಎಂದು ಬರೆದರೆ ಇನ್‌ಸ್ಪೆಕ್ಟರ್ ಒಪ್ಪುವುದಿಲ್ಲ. ನಾನೇ ಓಡಿದೆ. ಪಂಚೆ ಎತ್ತಿಕೊಂಡು. "ಚಿರ್ತೆ" ಎಂದು ಕೂಗಿದೆನೆಂದು ಕಾಣುತ್ತದೆ. ಕೇಳಿಸಿಕೊಂಡವರು ಇರಲಿಲ್ಲ.

ಹಿತ್ತಲ ಬಾಗಿಲಿನಿಂದ ತಿರುಗಿ ನೋಡಿದೆ. ಏರಿಯ ಮೇಲೆ ಒಂದು ಕಂದು ನಾಯಿ. ಮರಿ ಹಾಕಿದ್ದು, ಬಡಕಲು. ನನ್ನ ಎಡಗಾಲಿನ ಚಪ್ಪಲಿಯನ್ನು ಮೂಸುತ್ತಿತ್ತು. ನನ್ನನ್ನು ಕಂಡು ಬಾಲ ಅಲ್ಲಾಡಿಸಿತು.

ಗಂಟೆ ಏಳೂ ಇಪ್ಪತ್ತು. ಮತದಾನ ಐದರ ತನಕ. ನಾಯಿ ಎಂದು ಈಗ ಕಣ್ಣಾರೆ ಕಂಡಿದ್ದೆ. ಆದರೂ ಬಾಗಿಲಿಗೆ ಅಗುಳಿ ಹಾಕಿ, ಐದು ಹೊಡೆಯುವ ತನಕ, ಆ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಒಳಗೆ ಕೂತಿದ್ದೆ. ನಾಲ್ಕು ಉಗುರನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದೆ. ಎಲ್ಲ ಸರಿಯಿತ್ತು.

ನವೆಂಬರ್ ಒಂಬತ್ತರ ಪುಟದಲ್ಲಿ ಒಂದು ತಿದ್ದುಪಡಿ. ಚಿರತೆ ಪರ 144. ನಾಯಿ ಪರ 0.